ರಜೆಯ ಪಟ್ಟಿಯಲ್ಲಿ ನಮ್ಮ ಎರಡು ಸಾಲು

ಪ್ರತಿವರ್ಷ ಚಳಿಗಾಲದ ಹೊಸ್ತಿಲಲ್ಲಿ ರಾಜ್ಯ ಸಚಿವ ಸಂಪುಟವು ಮುಂದಿನ ವರ್ಷದ ಸಾರ್ವತ್ರಿಕ ರಜಾದಿನಗಳ ಪಟ್ಟಿಗೆ ಒಪ್ಪಿಗೆ ನೀಡುತ್ತದೆ. ಸರ್ಕಾರದ ಆದೇಶ ಹೊರಬೀಳುತ್ತದೆ, ಪತ್ರಿಕೆಗಳು ಅದನ್ನು ಅಚ್ಚಿಸುತ್ತವೆ. ಮಂಡ್ಯದ ಕಚೇರಿಗಳಲ್ಲಾಗಲಿ, ಮದ್ದೂರು ಮಳವಳ್ಳಿಗಳ ಶಾಲೆಗಳಲ್ಲಾಗಲಿ, ಅದನ್ನು ಓದುವವರು ಮೊದಲು ನೋಡುವುದು ಯಾವ ಹಬ್ಬ ಭಾನುವಾರಕ್ಕೆ ಬಿದ್ದು ‘ನಷ್ಟ’ವಾಯಿತು ಎಂಬುದನ್ನೇ. ನಮ್ಮ ಕಥೋಲಿಕ ಕುಟುಂಬಗಳ ಕಣ್ಣು ಎರಡು ಸಾಲುಗಳನ್ನು ಅರಸುತ್ತದೆ: ಶುಭ ಶುಕ್ರವಾರ ಮತ್ತು ಕ್ರಿಸ್ಮಸ್. ಅವೆರಡೂ ಸ್ವಸ್ಥಾನದಲ್ಲಿದ್ದರೆ ಪತ್ರಿಕೆಯನ್ನು ಮಡಿಚಿಡುತ್ತೇವೆ. ಆ ಎರಡು ಸಾಲುಗಳು ಯಾರ ಅಧಿಕಾರದಿಂದ ಅಲ್ಲಿ ನಿಂತಿವೆ, ಅವು ಎಷ್ಟು ಭದ್ರ, ಅವುಗಳ ಫಲ ನಮ್ಮವರಲ್ಲಿ ಎಷ್ಟು ಮಂದಿಗೆ ದೊರೆಯುತ್ತಿದೆ ಎಂದು ಆಲೋಚಿಸುವುದು ಅಪರೂಪ.

ಆಲೋಚಿಸಲೇಬೇಕಾದ ಸಂದರ್ಭವೊಂದು ನಮ್ಮ ಜಿಲ್ಲೆಗೇ ಒದಗಿತ್ತು. 2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯ ಕ್ಷೇತ್ರದ ಮತದಾನವು ಏಪ್ರಿಲ್ 18ರಂದು ನಡೆಯಿತು. ಆ ವರ್ಷ ಪಾಸ್ಖ ಹಬ್ಬವು ಏಪ್ರಿಲ್ 21ಕ್ಕೆ ಬಂದಿದ್ದುದರಿಂದ, ಮತದಾನದ ದಿನವೇ ಪವಿತ್ರ ಗುರುವಾರವಾಗಿತ್ತು. ಪ್ರಭು ಯೇಸು ಶಿಷ್ಯರ ಪಾದಗಳನ್ನು ತೊಳೆದು ಕಡೆಯ ಭೋಜನವನ್ನು ನೀಡಿದ ಸಂಜೆ ಅದು. ಮತದಾರರು ಬೆಳಿಗ್ಗೆ ಮತ ಹಾಕಿ ಸಂಜೆ ದೇವಾಲಯಕ್ಕೆ ಹೋಗಬಹುದಿತ್ತು, ನಿಜ. ಆದರೆ ಮತಗಟ್ಟೆಯ ಕರ್ತವ್ಯಕ್ಕೆ ನೇಮಕಗೊಂಡ ಶಿಕ್ಷಕ ಶಿಕ್ಷಕಿಯರಿಗೆ, ಪೊಲೀಸರಿಗೆ, ಕಂದಾಯ ನೌಕರರಿಗೆ ಆ ಅವಕಾಶವೆಲ್ಲಿ? ಹಿಂದಿನ ದಿನವೇ ಮತಗಟ್ಟೆಯನ್ನು ಸೇರಿ, ಮರುದಿನ ಯಂತ್ರಗಳನ್ನು ಒಪ್ಪಿಸಿ ಹೊರಬರುವಾಗ ರಾತ್ರಿಯಾಗಿರುತ್ತದೆ. ರಾಷ್ಟ್ರದ ಕರ್ತವ್ಯವನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ಕರ್ತವ್ಯವೂ ಆರಾಧನೆಯೂ ಒಂದೇ ದಿನ ಎದುರುಬದುರಾಗದಂತೆ ಮಾಡುವುದು ಅಸಾಧ್ಯವಾಗಿತ್ತೇ?

ಇದಕ್ಕೆ ಉತ್ತರ ಹುಡುಕುವ ಮುನ್ನ ರಜೆಯ ನಿಯಮವನ್ನು ಅರಿಯಬೇಕು. ನಮ್ಮ ದೇಶಕ್ಕೆಲ್ಲ ಸಮಾನವಾದ ರಾಷ್ಟ್ರೀಯ ರಜಾದಿನಗಳು ಮೂರೇ: ಜನವರಿ 26, ಆಗಸ್ಟ್ 15, ಅಕ್ಟೋಬರ್ 2. ಉಳಿದುವುಗಳಿಗೆ ಬೇರೆ ಬೇರೆ ಆಧಾರಗಳಿವೆ. ಬ್ಯಾಂಕುಗಳಿಗೆ ಅನ್ವಯವಾಗುವ ಸಾರ್ವಜನಿಕ ರಜೆಯ ಮೂಲವು, ಚೆಕ್ಕು ಹುಂಡಿಗಳ ವ್ಯವಹಾರವನ್ನು ನಿಯಂತ್ರಿಸುವ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 25ನೆಯ ಕಲಮಿನಲ್ಲಿದೆ. ಬ್ರಿಟಿಷರ ಕಾಲದ ಆ ಕಲಮಿನಲ್ಲಿ ಭಾನುವಾರದೊಡನೆ ಹೊಸವರ್ಷದ ದಿನ, ಕ್ರಿಸ್ಮಸ್, ಶುಭ ಶುಕ್ರವಾರಗಳು ಹೆಸರಿನಿಂದಲೇ ನಮೂದಾಗಿದ್ದವು. ಸ್ವಾತಂತ್ರ್ಯಾನಂತರ 1950ರ ದಶಕದಲ್ಲಿ ಆ ಹೆಸರುಗಳನ್ನು ಕೈಬಿಡಲಾಯಿತು. ಭಾನುವಾರ ಹಾಗೂ ಸರ್ಕಾರವು ಅಧಿಸೂಚಿಸುವ ದಿನಗಳು ಎಂಬುದಷ್ಟೇ ಉಳಿಯಿತು. 1957ರಲ್ಲಿ ಈ ಅಧಿಕಾರವನ್ನು ಚಲಾಯಿಸುವ ಹೊಣೆ ರಾಜ್ಯ ಸರ್ಕಾರಗಳಿಗೂ ಬಂದಿತು. ಆದುದರಿಂದ ಇಂದು ನಮ್ಮ ಎರಡು ದಿನಗಳು ಪಟ್ಟಿಯಲ್ಲಿರುವುದು ಆಂಗ್ಲರು ಬಿಟ್ಟುಹೋದ ಕೊಡುಗೆಯೆಂದು ಯಾರಾದರೂ ಹೇಳಿದರೆ ಅದು ತಪ್ಪು. ಸ್ವತಂತ್ರ ಭಾರತದ ಸರ್ಕಾರಗಳು ತಾವಾಗಿಯೇ ವರ್ಷವರ್ಷವೂ ಅವುಗಳನ್ನು ಸೇರಿಸುತ್ತ ಬಂದಿವೆ.

ದೆಹಲಿಯ ಹೊರಗಿನ ಕೇಂದ್ರ ಸರ್ಕಾರಿ ಕಚೇರಿಗಳಿಗೆ 14 ಕಡ್ಡಾಯ ರಜೆಗಳುಂಟು; ಅವುಗಳಲ್ಲಿ ಶುಭ ಶುಕ್ರವಾರ ಮತ್ತು ಕ್ರಿಸ್ಮಸ್ ಸೇರಿವೆ. ಬುದ್ಧ ಪೂರ್ಣಿಮೆ, ಮಹಾವೀರ ಜಯಂತಿ, ಗುರುನಾನಕ್ ಜಯಂತಿ, ಈದ್ ಹಬ್ಬಗಳು ಅದೇ ಸಾಲಿನಲ್ಲಿವೆ. ನಮ್ಮ ರಾಜ್ಯದ ಪಟ್ಟಿಯು ಇದಕ್ಕಿಂತ ಉದ್ದವಾದುದು. ಯುಗಾದಿ, ಬಸವ ಜಯಂತಿ, ವಾಲ್ಮೀಕಿ ಜಯಂತಿ, ಕನಕ ಜಯಂತಿಗಳಿಗೂ ಅಲ್ಲಿ ಸ್ಥಾನವಿದೆ. ಇದಲ್ಲದೆ ಪರಿಮಿತ ರಜೆಗಳೆಂಬ ಇನ್ನೊಂದು ಪಟ್ಟಿಯಿದ್ದು, ಅದರಿಂದ ನೌಕರರು ವರ್ಷಕ್ಕೆ ಎರಡನ್ನು ಆರಿಸಿಕೊಳ್ಳಬಹುದು. ಸೆಪ್ಟೆಂಬರ್ 8ರ ಕನ್ಯಾ ಮರಿಯಮ್ಮ ಜಯಂತಿ, ಕ್ರಿಸ್ಮಸ್ ಹಿಂದಿನ ದಿನ ಮುಂತಾದವು ಆ ಪಟ್ಟಿಯಲ್ಲಿ ಬರುತ್ತವೆ. ಒಂದು ಜಿಲ್ಲೆಗಷ್ಟೇ ಸೀಮಿತವಾದ ರಜೆಗಳೂ ಉಂಟು. ಕೊಡಗಿನ ಕೈಲ್‌ಪೊಳ್ದು, ಹುತ್ತರಿ ಹಬ್ಬಗಳು ಇದಕ್ಕೆ ನಿದರ್ಶನ. ಹೀಗೆ ಒಂದು ಬಹುಧರ್ಮೀಯ ರಾಷ್ಟ್ರವು ಎಲ್ಲರನ್ನೂ ಒಂದೇ ಮನೆಯಲ್ಲಿ ಕೂಡಿಸಲು ಯತ್ನಿಸಿದೆ. ಈ ಯತ್ನವನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಆದರೂ ಈ ಏರ್ಪಾಡು ಕಲ್ಲಿನ ಮೇಲಿನ ಬರಹವಲ್ಲ. 2015ರ ಏಪ್ರಿಲ್‌ನಲ್ಲಿ ಉಚ್ಚ ನ್ಯಾಯಾಲಯಗಳ ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನವನ್ನು ಶುಭ ಶುಕ್ರವಾರದಂದೇ ಆರಂಭಿಸಿದಾಗ, ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದ ಕುರಿಯನ್ ಜೋಸೆಫ್ ಅವರು ಆಕ್ಷೇಪಿಸಿ ಪತ್ರ ಬರೆದರು. 2019ರಲ್ಲಿ ದಾದ್ರಾ ಮತ್ತು ನಗರ್ ಹವೇಲಿ, ದಮನ್ ಮತ್ತು ದಿಯು ಆಡಳಿತವು ಶುಭ ಶುಕ್ರವಾರವನ್ನು ಕಡ್ಡಾಯ ರಜೆಗಳಿಂದ ಕೈಬಿಟ್ಟಿತು. ಬಾಂಬೆ ಉಚ್ಚ ನ್ಯಾಯಾಲಯವು ಮಧ್ಯೆ ಪ್ರವೇಶಿಸಿ ಅದನ್ನು ಮರಳಿ ಕೊಡಿಸಿತು. 2024ರ ಮಾರ್ಚ್‌ನಲ್ಲಿ ಮಣಿಪುರದಲ್ಲಿ ಪಾಸ್ಖ ಭಾನುವಾರವನ್ನೇ ಕೆಲಸದ ದಿನವೆಂದು ಘೋಷಿಸಲಾಯಿತು; ಜನರ ಅಸಮಾಧಾನ ಕಂಡು ಆ ಆದೇಶವನ್ನು ಹಿಂತೆಗೆದುಕೊಳ್ಳಲಾಯಿತು.

ಇವುಗಳನ್ನು ಕೇಳಿ, ನ್ಯಾಯಾಲಯವಿದೆಯಲ್ಲ ಎಂದು ನಾವು ನಿಶ್ಚಿಂತರಾಗಬಹುದು. ಆದರೆ ಅದೇ ಬಾಂಬೆ ಉಚ್ಚ ನ್ಯಾಯಾಲಯವು 2022ರ ಜನವರಿಯಲ್ಲಿ, ದಾದ್ರಾ ಮತ್ತು ನಗರ್ ಹವೇಲಿಯ ವಿಮೋಚನಾ ದಿನಕ್ಕೆ ರಜೆ ಬೇಡಿದ ಮೊಕದ್ದಮೆಯಲ್ಲಿ, ಸಾರ್ವಜನಿಕ ರಜೆಯು ಯಾರ ಮೂಲಭೂತ ಹಕ್ಕೂ ಅಲ್ಲವೆಂದು ತೀರ್ಪಿತ್ತಿತು. ನಮ್ಮಲ್ಲಿ ರಜೆಗಳು ಅತಿಯಾಗಿವೆ ಎಂದೂ ಅಭಿಪ್ರಾಯಪಟ್ಟಿತು. ಆರಾಧನೆಯ ಸ್ವಾತಂತ್ರ್ಯವು ಸಂವಿಧಾನ ಕೊಟ್ಟ ಹಕ್ಕು. ಅದಕ್ಕಾಗಿ ಕಚೇರಿಯ ಬಾಗಿಲು ಮುಚ್ಚುವುದು ಸರ್ಕಾರದ ವಿವೇಚನೆ. ಈ ಭೇದವನ್ನು ನಾವು ಚೆನ್ನಾಗಿ ಮನಗಾಣಬೇಕು.

ರಜೆಗಳು ಅತಿಯಾಗಿವೆ ಎಂಬ ಮಾತನ್ನು ನಾವು ತಳ್ಳಿಹಾಕುವಂತಿಲ್ಲ. ಕೇಂದ್ರದ ಆರನೆಯ ವೇತನ ಆಯೋಗವು 2008ರಲ್ಲಿ, ಕಚೇರಿಗಳು ಮೂರು ರಾಷ್ಟ್ರೀಯ ದಿನಗಳಂದು ಮಾತ್ರ ಮುಚ್ಚಲಿ, ಉಳಿದ ಹಬ್ಬಗಳಿಗೆ ನೌಕರರು ಎಂಟು ಪರಿಮಿತ ರಜೆಗಳನ್ನು ತಾವೇ ಆರಿಸಿಕೊಳ್ಳಲಿ ಎಂದು ಸೂಚಿಸಿತ್ತು. ಸರ್ಕಾರ ಅದನ್ನು ಒಪ್ಪಲಿಲ್ಲ. ನಮ್ಮ ರಾಜ್ಯದಲ್ಲಿಯೂ 2019ರಲ್ಲಿ ನಾಲ್ಕನೆಯ ಶನಿವಾರದ ರಜೆಯನ್ನು ಕೊಟ್ಟು ಸಾಂದರ್ಭಿಕ ರಜೆಗಳನ್ನು 15ರಿಂದ 10ಕ್ಕೆ ಇಳಿಸಲಾಯಿತು. ಜಯಂತಿಗಳ ರಜೆಯನ್ನು ಕಡಿಮೆ ಮಾಡುವ ಮಾತು ಎದ್ದಿತಾದರೂ ಅದು ಮುಂದುವರಿಯಲಿಲ್ಲ. ಯಾವ ಮಹನೀಯರ ಹೆಸರನ್ನು ಕೈಬಿಟ್ಟರೂ ಒಂದು ಸಮುದಾಯಕ್ಕೆ ನೋವಾಗುವುದೆಂಬ ಅಳುಕು ಯಾವ ಸರ್ಕಾರಕ್ಕೂ ಇರುವಂಥದೇ.

ಈ ವಿಷಯದಲ್ಲಿ ಧರ್ಮಸಭೆಗೆ ಹಳೆಯ ಅನುಭವವುಂಟು. ಹಬ್ಬಗಳು ಹೆಚ್ಚಿ ಬಡವರ ದುಡಿಮೆಗೆ ಕುಂದುಂಟಾದಾಗ, ಅವರ ಮೊರೆಯನ್ನಾಲಿಸಿ 1642ರಲ್ಲಿ ಪೋಪ್ ಎಂಟನೆಯ ಅರ್ಬನ್ನರು ಕಡ್ಡಾಯ ಹಬ್ಬಗಳಿಗೆ ಮಿತಿ ಹಾಕಿದರು. 1911ರಲ್ಲಿ ಸಂತ ಹತ್ತನೆಯ ಪಿಯೂಸರು ಭಾನುವಾರಗಳನ್ನುಳಿದು ಅವುಗಳನ್ನು ಎಂಟಕ್ಕಿಳಿಸಿದರು. ಪ್ರಭುವಿನ ಸ್ವರ್ಗಾರೋಹಣದ ಹಬ್ಬವನ್ನು ಇಂದು ನಾವು ಭಾನುವಾರದಂದು ಆಚರಿಸುತ್ತೇವೆ. ಇದರಿಂದ ನಮ್ಮ ವಿಶ್ವಾಸ ಕುಂದಿತೆಂದು ಯಾರೂ ಹೇಳಲಾರರು. ಆದುದರಿಂದ ಇನ್ನೂ ಒಂದೆರಡು ರಜೆಗಳನ್ನು ನಮ್ಮ ಹೆಸರಿನಲ್ಲಿ ಸೇರಿಸಿರೆಂದು ಕೇಳುವುದು ನಮಗೆ ಉಚಿತವೆನಿಸದು.

ಹಾಗಾದರೆ ನಾವು ಕೇಳಬೇಕಾದುದೇನು? ಮೊದಲು ನಮ್ಮ ನಡುವಿನ ದುಡಿಯುವ ಕೈಗಳತ್ತ ನೋಡೋಣ. ಸರ್ಕಾರದ ಪಟ್ಟಿ ಸರ್ಕಾರಿ ನೌಕರರಿಗೆ. ಕಾರ್ಖಾನೆಗಳ ರಜೆಯನ್ನು ನಿರ್ಧರಿಸುವುದು ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗೆ ಸಂಬಂಧಿಸಿದ 1963ರ ರಾಜ್ಯ ಕಾನೂನು. ಅದರಂತೆ ಮೂರು ರಾಷ್ಟ್ರೀಯ ದಿನಗಳು, ಮೇ 1, ನವೆಂಬರ್ 1 ಹಾಗೂ ಬೇರೆ ಐದು ಹಬ್ಬಗಳಿಗೆ ಸಂಬಳಸಹಿತ ರಜೆಯಿದೆ. ಆ ದಿನ ದುಡಿಸಿಕೊಂಡರೆ ಇಮ್ಮಡಿ ಕೂಲಿ, ಇಲ್ಲವೆ ಕೂಲಿಯೊಡನೆ ಬದಲಿ ರಜೆ ಕೊಡಬೇಕು. ಆದರೆ ಆ ಐದು ಹಬ್ಬಗಳನ್ನು ಆರಿಸುವಾಗ ಸಾವಿರ ಮಂದಿಯಲ್ಲಿ ಹತ್ತು ಮಂದಿಯಾದ ನಮ್ಮವರ ಶುಭ ಶುಕ್ರವಾರಕ್ಕೆ ಜಾಗ ಸಿಗುವುದು ಸುಲಭವಲ್ಲ. ಸಿದ್ಧ ಉಡುಪಿನ ಕಾರ್ಖಾನೆಗೆ ಬಸ್ಸು ಹತ್ತುವ ಹೆಣ್ಣುಮಗಳು ಶಿಲುಬೆಹಾದಿಯ ಹೊತ್ತಿನಲ್ಲಿ ಹೊಲಿಗೆ ಯಂತ್ರದ ಮುಂದಿರುತ್ತಾಳೆ. ಹೆಚ್ಚಿನ ರಜೆ ಕೊಟ್ಟ ಕಡೆ ಅದಕ್ಕೆ ಪ್ರತಿಯಾಗಿ ಭಾನುವಾರ ದುಡಿಸಿದರೆ ಅವಳ ಬಲಿಪೂಜೆಯೂ ತಪ್ಪುತ್ತದೆ.

ಕಬ್ಬು ಕಡಿಯುವವರಿಗೆ, ಗಾರೆ ಕೆಲಸದವರಿಗೆ, ದಿನಗೂಲಿಯವರಿಗೆ ರಜೆಯೆಂದರೆ ಆ ದಿನದ ಕೂಲಿ ಇಲ್ಲವೆಂದೇ ಅರ್ಥ. ಗೆಜ್ಜಲಗೆರೆಯ ಹಾಲಿನ ಡೇರಿಗೆ ಕ್ರಿಸ್ಮಸ್ ದಿನವೂ ಹಾಲು ಬರಲೇಬೇಕು. ಹಸುವಿಗೆ ರಜೆಯ ಪಟ್ಟಿ ತಿಳಿಯದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ಹರಿಯುತ್ತಿರುವುದು ಹಬ್ಬದ ದಿನವೂ ಯಾರೋ ಎಚ್ಚರವಿದ್ದುದರಿಂದಲೇ. ನಾವು ಹಬ್ಬದೂಟಕ್ಕೆ ಕುಳಿತಾಗ ಇವರನ್ನು ನೆನೆಯುವುದು ಧರ್ಮ. ನಮ್ಮ ಮನೆಗೆಲಸದವರಿಗೆ ನಾವೇ ರಜೆಯನ್ನೂ ಆ ದಿನದ ಕೂಲಿಯನ್ನೂ ಕೊಡುವುದು ಅದಕ್ಕಿಂತ ದೊಡ್ಡ ಧರ್ಮ.

ಎರಡನೆಯದಾಗಿ, ದಿನಾಂಕಗಳ ಘರ್ಷಣೆ. 2019ರಲ್ಲಿ ಮಂಡ್ಯದ ಮತದಾನದ ದಿನವು ಬದಲಾಗಲಿಲ್ಲ. ಆದರೆ ಅದೇ ದಿನ ಮಧುರೆಯಲ್ಲಿ ಚಿತ್ತಿರೈ ಉತ್ಸವವಿದ್ದುದರಿಂದ ಅಲ್ಲಿನ ಮತದಾನದ ಅವಧಿಯನ್ನು ರಾತ್ರಿ ಎಂಟರವರೆಗೆ ವಿಸ್ತರಿಸಲಾಯಿತು. 2022ರಲ್ಲಿ ಗುರು ರವಿದಾಸ ಜಯಂತಿಯ ಸಲುವಾಗಿ ಪಂಜಾಬಿನ ಮತದಾನವನ್ನು ಫೆಬ್ರವರಿ 14ರಿಂದ 20ಕ್ಕೆ ಮುಂದೂಡಲಾಯಿತು. 2023ರಲ್ಲಿ ಮಿಜೋರಾಮಿನ ಮತ ಎಣಿಕೆಯು ಭಾನುವಾರಕ್ಕೆ ಬಿದ್ದಾಗ, ಅಲ್ಲಿನ ಕ್ರೈಸ್ತರ ಕೋರಿಕೆಯನ್ನು ಮನ್ನಿಸಿ ಚುನಾವಣಾ ಆಯೋಗವು ಅದನ್ನು ಸೋಮವಾರ, ಡಿಸೆಂಬರ್ 4ಕ್ಕೆ ಸರಿಸಿತು. ಸಕಾಲದಲ್ಲಿ, ಒಗ್ಗಟ್ಟಿನಿಂದ, ಗೌರವಪೂರ್ವಕವಾಗಿ ಕೇಳಿದರೆ ಆಡಳಿತವು ಕಿವಿಗೊಡುತ್ತದೆಂಬುದಕ್ಕೆ ಇವು ಸಾಕ್ಷಿ. ಮಿಜೋರಾಮಿನಲ್ಲಿ ಕ್ರೈಸ್ತರು ಬಹುಸಂಖ್ಯರು, ಮಂಡ್ಯದಲ್ಲಿ ನಾವು ಅತ್ಯಲ್ಪರು ಎಂಬುದು ದಿಟ. ಅದಕ್ಕೇ ಪಾಸ್ಖ ಹಬ್ಬದ ದಿನಾಂಕವನ್ನು ಶಾಲೆ, ಪರೀಕ್ಷಾ ಮಂಡಳಿ, ಜಿಲ್ಲಾಡಳಿತಗಳಿಗೆ ನಾವು ಮೊದಲೇ ತಿಳಿಸಬೇಕು. ನಮ್ಮ ಹಬ್ಬವು ವರ್ಷವರ್ಷವೂ ಸ್ಥಾನ ಬದಲಿಸುವುದೆಂದು ಇತರರು ತಾವಾಗಿಯೇ ತಿಳಿದಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಮೂರನೆಯದು ನಮ್ಮ ಮೇಲೆಯೇ ಇರುವ ಹೊಣೆ. ಆಗಸ್ಟ್ 15 ಸ್ವಾತಂತ್ರ್ಯದ ದಿನ. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಮಹೋತ್ಸವವೂ ಅಂದೇ. ಮೇ 1 ಕಾರ್ಮಿಕರ ದಿನ. ಶ್ರಮಿಕರಾದ ಸಂತ ಜೋಸೆಫರ ಹಬ್ಬವನ್ನು ಆ ದಿನಕ್ಕೆ 1955ರಲ್ಲಿ ನಿಗದಿಪಡಿಸಿದವರು ಪೋಪ್ ಹನ್ನೆರಡನೆಯ ಪಿಯೂಸರು. ನವೆಂಬರ್ 1 ರಾಜ್ಯೋತ್ಸವ. ಅದೇ ದಿನ ಸಕಲ ಸಂತರ ಹಬ್ಬ. ನಾಡಿನ ದಿನವೂ ದೇವಾಲಯದ ದಿನವೂ ಕೈಹಿಡಿದು ಬರುವ ಈ ಮೂರು ಅವಕಾಶಗಳನ್ನು ನಾವು ಹೇಗೆ ಬಳಸುತ್ತಿದ್ದೇವೆ? ಪೂಜೆ ಮುಗಿಸಿ, ಧ್ವಜವಂದನೆಗೆ ನಿಲ್ಲದೆ, ಬಸ್ಸಿಗೆ ಓಡುವವರು ನಮ್ಮಲ್ಲಿಲ್ಲವೇ? ಮೂರು ದಿನಗಳ ರಜೆ ಒಟ್ಟಿಗೆ ಬಂದರೆ ದೇವಾಲಯದ ಬೆಂಚುಗಳು ಬರಿದಾಗುವುದಿಲ್ಲವೇ? ಶುಭ ಶುಕ್ರವಾರದ ರಜೆಯನ್ನು ಉಪವಾಸ ಪ್ರಾರ್ಥನೆಗಳಿಗೆ ಬಳಸದೆ ಪ್ರವಾಸಕ್ಕೆ ಬಳಸಿದರೆ, ಆ ರಜೆಯನ್ನು ಉಳಿಸಿರೆಂದು ಕೇಳುವ ನಮ್ಮ ಮಾತಿಗೆ ತೂಕವೆಲ್ಲಿಂದ ಬರಬೇಕು?

ಮದ್ದೂರಿನ ಮಗ್ಗುಲಲ್ಲೇ ಶಿವಪುರವಿದೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನದಲ್ಲಿ, ಸಂಸ್ಥಾನದ ಪ್ರತಿಬಂಧವನ್ನು ಮೀರಿ ಧ್ವಜವನ್ನೇರಿಸಿದ ಸ್ಥಳವದು. ಅಲ್ಲಿ ಇಂದು ಸತ್ಯಾಗ್ರಹ ಸೌಧ ನಿಂತಿದೆ. ಆ ದಿನಕ್ಕೆ ಯಾವ ಪಟ್ಟಿಯಲ್ಲೂ ರಜೆಯಿಲ್ಲ. ಆದರೂ ಈ ಸೀಮೆಯ ಜನ ಅದನ್ನು ಮರೆತಿಲ್ಲ. ಒಂದು ದಿನವನ್ನು ಪವಿತ್ರವಾಗಿಸುವುದು ಅದನ್ನು ನೆನೆಯುವವರ ಮನಸ್ಸೇ ಹೊರತು ಸರ್ಕಾರದ ಆದೇಶವಲ್ಲ.

ಮುಂದಿನ ಪಟ್ಟಿ ಪ್ರಕಟವಾದಾಗ ನಮ್ಮ ಎರಡು ಸಾಲುಗಳನ್ನು ಹುಡುಕೋಣ, ಕೃತಜ್ಞರಾಗಿರೋಣ. ಅಂದೇ ಧರ್ಮಕೇಂದ್ರದ ಹಿರಿಯರು ಕುಳಿತು, ಆ ವರ್ಷದ ಪವಿತ್ರ ವಾರದ ದಿನಾಂಕಗಳನ್ನು ಬರೆದು ತಹಶೀಲ್ದಾರರಿಗೂ, ಶಿಕ್ಷಣಾಧಿಕಾರಿಗಳಿಗೂ, ನಮ್ಮ ಮಕ್ಕಳು ದುಡಿಯುವ ಕಾರ್ಖಾನೆಗಳ ಆಡಳಿತಕ್ಕೂ ವಿನಯದ ಪತ್ರವೊಂದನ್ನು ತಲುಪಿಸಲಿ. ಹೊಲಿಗೆ ಯಂತ್ರದ ಮುಂದಿರುವ ಆ ಹೆಣ್ಣುಮಗಳಿಗೆ ಶುಭ ಶುಕ್ರವಾರದ ಮಧ್ಯಾಹ್ನದ ಮೂರು ಗಂಟೆ ಬಿಡುವು ದೊರೆತರೂ ನಮ್ಮ ಶ್ರಮ ಸಾರ್ಥಕವಾದಂತೆ.