ನಿಮ್ಮ ಗ್ಲಾಸಲ್ಲಿದ್ರೆ ಪರಿಮಳ, ನಮ್ಮ ಮನೆಯಲ್ಲಿದ್ರೆ ನಾತ

ಹೋದ ತಿಂಗಳು ಬೆಂಗಳೂರಲ್ಲಿ ಗೆಳೆಯನೊಬ್ಬ ಸಿಂಗಲ್ ಮಾಲ್ಟ್ ವಿಸ್ಕಿ ರುಚಿ ನೋಡುವ ಕೂಟಕ್ಕೆ ಕರ್ಕೊಂಡು ಹೋಗಿದ್ದ. ಹೌದು, ನಾನೇ. ಕುಮಟಾದ ಮುಕ್ರಿ ಕೇರಿಯವ. ಕುಡಿತವನ್ನ ಹೊಗಳೋಕೆ ಇದನ್ನ ಬರೀತಿಲ್ಲ. ಕೊನೇತನಕ ಓದಿ, ಆಮೇಲೆ ಬೈಯಿರಿ.

ಮೊದಲು ಮೂಗು, ಆಮೇಲೆ ನಾಲಿಗೆ, ಕೊನೆಗೆ ಗಂಟಲಲ್ಲಿ ಉಳಿಯುವ ರುಚಿ. ಎರಡು ಹನಿ ನೀರು ಹಾಕಿದರೆ ವಾಸನೆ ಬಿಚ್ಚಿಕೊಳ್ಳುತ್ತೆ ಅಂದ್ರು. ಸುಳ್ಳಲ್ಲ, ಬಿಚ್ಚಿಕೊಳ್ತು. ಸ್ಕಾಟ್ಲೆಂಡಿನ ಐಲಾ ದ್ವೀಪದ ಲಫ್ರೋಯ್ಗ್ ಬಂದಾಗ ಕೂಟ ನಡೆಸುವವರು ಕಣ್ಣು ಮುಚ್ಚಿ ಹೇಳಿದರು: ಹೊಗೆ, ಉಪ್ಪುಗಾಳಿ, ಕಡಲಪಾಚಿ, ಅಯೋಡಿನ್, ಹೊಗೆ ಹಿಡಿದ ಮೀನು. ಎಲ್ಲರೂ ತಲೆದೂಗಿದರು. ಒಬ್ಬರು 100ಕ್ಕೆ 92 ಕೊಟ್ಟರು.

ನಾನೂ ಮೂಸಿದೆ. ನಮ್ಮವ್ವಿ ನೆನಪಾದಳು. ಅಘನಾಶಿನಿಯಲ್ಲಿ ನೀರು ಇಳಿದಾಗ ಕೆಸರಲ್ಲಿ ನಿಂತು ಬಳಚು ಹೆಕ್ಕಿ ಬರ್ತಿದ್ದ ಅವಳ ಸೀರೆ ಇದೇ ವಾಸನೆ. ನಮ್ಮ ಒಲೆ ಮೇಲಿನ ಒಣಬಂಗಡೆ ಇದೇ ವಾಸನೆ.

ನಾನು ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ವರ್ಷ ಅವ್ವಿ ಊರಿಂದ ಒಣಮೀನು ತಂದು ಹುರಿದಿದ್ದಳು. "ನಾತ ತಡೆಯೋಕಾಗಲ್ಲ, ನಿಮ್ಮಂಥವರಿಗೆ ಮನೆ ಕೊಟ್ಟಿದ್ದೇ ತಪ್ಪು" ಅಂತ ಮಾಲೀಕರು ಮನೆ ಖಾಲಿ ಮಾಡಿಸಿದರು. ಅವ್ವಿ ಪೊಟ್ಟಣವನ್ನು ಸೆರಗಲ್ಲಿ ಮುಚ್ಚಿಕೊಂಡು ಮೆಟ್ಟಿಲಿಳಿದಳು. ಮತ್ತೆಂದೂ ಬೆಂಗಳೂರಿಗೆ ಮೀನು ತರಲಿಲ್ಲ.

ಆ ವಿಸ್ಕಿಯ ಹೊಗೆ ಎಲ್ಲಿಂದ ಬಂತು ಗೊತ್ತಾ? ಮರ ಕಡಿಮೆ ಇದ್ದ ಆ ದ್ವೀಪದ ಬಡವರು ಜೌಗು ನೆಲದ ಪೀಟ್ ಮಣ್ಣನ್ನು ಕಡಿದು, ಒಣಗಿಸಿ, ಒಲೆಗೆ ಹಾಕ್ತಿದ್ದರು. ಮೊಳಕೆ ಬಂದ ಬಾರ್ಲಿಯನ್ನೂ ಅದರ ಬೆಂಕಿಯಲ್ಲೇ ಒಣಗಿಸಿದರು. ಬಡವರ ಒಲೆಯ ಹೊಗೆ ಅದು. ಅಲ್ಲಿನ ಬಡವರ ಹೊಗೆಗೆ ಅಂಕ, ಇಲ್ಲಿನ ಬಡವರ ಹೊಗೆಗೆ ಮೂಗುಮುಚ್ಚು!

"ಎಲ್ಲದರಲ್ಲೂ ಜಾತಿ ಹುಡುಕ್ತೀರಿ" ಅಂತೀರಿ. ಹಾಗಾದ್ರೆ ನಮ್ಮದೇ ಬೆಂಗಳೂರಿನ ಅಮೃತ್ ಕಥೆ ಕೇಳಿ. 2004ರಲ್ಲಿ ಅದು ತನ್ನ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿತು. ಭಾರತದ ವಿಸ್ಕಿ ಅಂದ್ರೆ ಮೂಗು ಮುರಿಯುವವರೇ ಹೆಚ್ಚಿದ್ದ ಕಾಲ. ಲೇಬಲ್ ಮುಚ್ಚಿಟ್ಟು ರುಚಿ ತೋರಿಸಬೇಕಾಯಿತು. 2010ರಲ್ಲಿ ವಿಸ್ಕಿ ವಿಮರ್ಶಕ ಜಿಮ್ ಮರ್ರೆ ಅಮೃತ್ ಫ್ಯೂಷನ್‌ಗೆ 97 ಅಂಕ ಕೊಟ್ಟು, ಜಗತ್ತಿನ ಮೂರನೇ ಅತ್ಯುತ್ತಮ ವಿಸ್ಕಿ ಅಂದರು. ನಾವೆಲ್ಲ ಹೆಮ್ಮೆಪಟ್ಟೆವು. ಬಿಳಿಯರು ಲೇಬಲ್ ನೋಡಿ ಅಳೆದರೆ ಅನ್ಯಾಯ ಅಂತ ನಿಮಗೆ ತಕ್ಷಣ ಅರ್ಥವಾಗುತ್ತೆ. ಅಡ್ಡಹೆಸರು, ಕೇರಿ, ಊಟ ಕೇಳಿ ಮನೆ ಬಾಡಿಗೆ ಕೊಡುವ ನಿಮಗೆ ಅದೇ ಅನ್ಯಾಯ ಯಾಕೆ ಕಾಣಲ್ಲ? ಬಾಟಲಿಯ ಲೇಬಲ್ ಮುಚ್ಚಬಹುದು. ನಾವು ಜಾತಿಯನ್ನ ಎಲ್ಲಿ ಮುಚ್ಚಿಡೋದು?

ಇನ್ನು ಸರ್ಕಾರದ ಮೂಗು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅಂಕೋಲೆಯ ಸುಕ್ರಿ ಬೊಮ್ಮಗೌಡರಂಥ ಹೆಣ್ಣುಮಕ್ಕಳು ಸಾರಾಯಿ ವಿರುದ್ಧ ಬೀದಿಗಿಳಿದ ಜಿಲ್ಲೆ ನಮ್ಮದು. ಆದರೆ ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಸ್ಕಾಚ್ ಅನ್ನಿಸಿಕೊಳ್ಳಲು ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು ಅನ್ನುತ್ತೆ ಅಲ್ಲಿನ ಕಾನೂನು. ನಮ್ಮ ಕೂಲಿಕಾರನ ಪೊಟ್ಟಣದಲ್ಲಿರೋದು ಹೆಚ್ಚಾಗಿ ಕಾಕಂಬಿಯ ಸ್ಪಿರಿಟ್ಟು, ಮೇಲೊಂದಿಷ್ಟು ಬಣ್ಣ, ಪರಿಮಳ. 2023ರ ಬಜೆಟ್ಟಿನಲ್ಲಿ ಅದಕ್ಕೂ ಸೇರಿ ಎಲ್ಲಾ ಸ್ಲ್ಯಾಬಿಗೂ ಹೆಚ್ಚುವರಿ ಅಬಕಾರಿ ಸುಂಕ ಶೇ. 20 ಏರಿತು. 2024ರ ಆಗಸ್ಟಿನಲ್ಲಿ ಇಳಿದದ್ದು ಯಾವುದರ ಬೆಲೆ? ದುಬಾರಿ ಬಾಟಲಿಗಳದ್ದು!

ಅವರು ಕುಡಿದರೆ ಅಭಿರುಚಿ, ನಮ್ಮವರು ಕುಡಿದರೆ ಕುಡುಕ. ನಮ್ಮ ಕೇರಿಯ ಹುಡುಗರಿಗೆ ನಾನು ಹೇಳೋದು ಒಂದೇ: ಎರಡೂ ಬೇಡ. ಆ ಪೊಟ್ಟಣ ನಿಮ್ಮ ಆಯುಷ್ಯ ತಿನ್ನುತ್ತೆ, ಖಜಾನೆ ತುಂಬುತ್ತೆ.

ರುಚಿ ಬಲ್ಲವರಿಗೆ ಹೇಳೋದೂ ಒಂದೇ. ಕಡಲು, ಹೊಗೆ, ಒಣಮೀನನ್ನ ಗುರುತಿಸುವ ಮೂಗು ನಿಮಗಿದೆ, ಸಂತೋಷ. ನಾಳೆ ನಿಮ್ಮ ಮನೆ ಬಾಡಿಗೆ ಕೇಳಿಕೊಂಡು ನಮ್ಮ ಹುಡುಗಿಯೊಬ್ಬಳು ಬಂದಾಗಲೂ ಆ ಮೂಗು ಕೆಲಸ ಮಾಡಲಿ. ಅವಳ ಅಡುಗೆಮನೆಗೂ 92 ಕೊಡಿ. ಅಂಕ ಬೇಡ ಅಂದ್ರೆ, ಮನೆಯ ಬೀಗದಕೈ ಕೊಡಿ ಸಾಕು.

ಜೈ ಭೀಮ್.