ಅಂಚೆಯ ಪಾಠ, ಅಡವಿನ ಹದ

ಕಲಿಸುವವರೂ ಕಲಿಯುವವರೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಇರಬೇಕಿಲ್ಲದ ಓದಿಗೆ ದೂರಶಿಕ್ಷಣ ಎಂದು ಹೆಸರು. ನಾಟ್ಯದ ಪಾಠ ಇದಕ್ಕೆ ತದ್ವಿರುದ್ಧ. ಅಲ್ಲಿ ಗುರು ತಟ್ಟಿದ ಕೋಲಿಗೆ ಆ ಕ್ಷಣವೇ ಶಿಷ್ಯೆಯ ಪಾದ ನೆಲಕ್ಕೆ ಬೀಳಬೇಕು. ಹೀಗೆ ಒಂದಕ್ಕೊಂದು ಹೊಂದದಂತೆ ಕಾಣುವ ಈ ಎರಡು ಬಗೆಯ ಕಲಿಕೆಗೂ ಮೈಸೂರು ವಿಶ್ವವಿದ್ಯಾನಿಲಯ ನಾಲ್ಕೇ ವರ್ಷಗಳ ಅಂತರದಲ್ಲಿ ಬಾಗಿಲು ತೆರೆಯಿತು. 1965ರಲ್ಲಿ ನೃತ್ಯ ವಿಭಾಗ ಆರಂಭವಾದಾಗ ಪಾಠ ಹೇಳಲು ಬಂದವರು ಕೆ. ವೆಂಕಟಲಕ್ಷಮ್ಮ (1906–2002). ಎಂಟನೆಯ ವಯಸ್ಸಿಗೇ ಜಟ್ಟಿ ತಾಯಮ್ಮನವರ (1857–1947) ಶಿಷ್ಯೆಯಾಗಿ, ಅರಮನೆಯ ಆಸ್ಥಾನದಲ್ಲಿ ನರ್ತಿಸಿದ್ದವರು ಅವರು. 1969ರಲ್ಲಿ ಅದೇ ವಿಶ್ವವಿದ್ಯಾನಿಲಯ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆಯನ್ನು ಕಟ್ಟಿತು. ಇಂಗ್ಲೆಂಡಿನ ಓಪನ್ ಯೂನಿವರ್ಸಿಟಿ ಹುಟ್ಟಿದ ವರ್ಷವೂ ಅದೇ. ಮೈಸೂರಿನ ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆದು, ಮುಕ್ತ ಗಂಗೋತ್ರಿಯಲ್ಲಿ ನೆಲೆಗೊಂಡಿತು.

ಈ ಎರಡು ದಾರಿಗಳು ಕೂಡುವುದು ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನಂಥ ಹೋಬಳಿ ಊರಿನಲ್ಲಿ. ತಾಲ್ಲೂಕು ಕೇಂದ್ರದಿಂದಲೇ ಮೈಸೂರು ಸುಮಾರು 70 ಕಿಲೋಮೀಟರ್. ಇಂಥ ಊರಿನಲ್ಲಿ ಭರತನಾಟ್ಯದ ತರಗತಿ ನಡೆಸುವವರು ಪದವಿಯನ್ನೋ ಸ್ನಾತಕೋತ್ತರ ಪದವಿಯನ್ನೋ ಪಡೆಯಬೇಕೆಂದರೆ ತರಗತಿ ಮುಚ್ಚಿ ನಗರಕ್ಕೆ ಹೋಗಬೇಕು, ಇಲ್ಲವೇ ದೂರಶಿಕ್ಷಣಕ್ಕೆ ಸೇರಬೇಕು. ಸೇರಿದವರು ಸಂಜೆ ಗುರು, ರಾತ್ರಿ ವಿದ್ಯಾರ್ಥಿ. ಮಕ್ಕಳ ಮಟ್ಟಿಗೂ ವ್ಯವಸ್ಥೆ ಅರ್ಧ ದೂರದ್ದೇ. ನಾಟ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿಗೆ ಯಾವ ಕಾಲೇಜಿನ ಹಾಜರಿಯೂ ಬೇಡ. ಊರಿನ ಗುರುವಿನ ಬಳಿ ಕಲಿತು, ಬೇರೆ ಊರಿನ ಕೇಂದ್ರಕ್ಕೆ ಹೋಗಿ, ಪರಿಚಯವಿಲ್ಲದ ಪರೀಕ್ಷಕರ ಮುಂದೆ ನಿಲ್ಲಬೇಕು. ಶಾಸ್ತ್ರಕ್ಕೆ ಬರವಣಿಗೆ ಬೇರೆ, ಪ್ರಯೋಗಕ್ಕೆ ಕುಣಿತ ಬೇರೆ.

ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಸಾಲದು ಎಂದವರು ಅಮೆರಿಕದ ಶಿಕ್ಷಣತಜ್ಞ ಮೈಕೆಲ್ ಮೂರ್. ಅವರ ಸಿದ್ಧಾಂತಕ್ಕೆ ಮೂರು ಕಾಲು: ಗುರುಶಿಷ್ಯರ ನಡುವಿನ ಮಾತುಕತೆ, ಪಾಠದ ಕಟ್ಟುನಿಟ್ಟು, ಕಲಿಯುವವರ ಸ್ವಾತಂತ್ರ್ಯ. ಕಟ್ಟುನಿಟ್ಟು ಹೆಚ್ಚಿ ಮಾತುಕತೆ ಕಡಿಮೆಯಾದಷ್ಟೂ ದೂರ ಬೆಳೆಯುತ್ತದೆ. ಆ ದೂರವನ್ನು ತುಂಬುವ ಹೊರೆ ಕಲಿಯುವವರ ಹೆಗಲಿಗೇ ಬೀಳುತ್ತದೆ. ಮನೆಗೆ ಬಂದ ಪಠ್ಯಪುಸ್ತಕದಿಂದ ಮೂವತ್ತು ಪುಟ ಓದಿ, ಸಂದೇಹವನ್ನು ಸಂಪರ್ಕ ತರಗತಿಯವರೆಗೆ ತಿಂಗಳುಗಟ್ಟಲೆ ಕಾದಿರಿಸುವವರಿಗೆ ಇದು ಅನುಭವದ ಮಾತು. ಇದೇ ಅಳತೆಯಲ್ಲಿ ನೋಡಿದರೆ, ಒಂದೇ ಕೋಣೆಯ ನಾಟ್ಯತರಗತಿಯಲ್ಲೂ ದೂರ ಇರಬಲ್ಲದು. ಮೂವತ್ತು ಮಕ್ಕಳು ಸಾಲಾಗಿ ನಿಂತು ಒಟ್ಟಿಗೆ ಅಡವು, ಎಂದರೆ ನಾಟ್ಯದ ಮೂಲ ಹೆಜ್ಜೆ, ಹಾಕುವಾಗ ಕೊನೆಯ ಸಾಲಿನ ಮಗುವಿನ ಮೊಣಕಾಲು ಗುರುವಿನ ಕಣ್ಣಿಗೆ ಬೀಳದೆ ಹೋದರೆ, ಆ ಮಗುವಿನದೂ ದೂರಶಿಕ್ಷಣವೇ.

ಕಲಿಕೆಯ ಸಿದ್ಧಾಂತಗಳಲ್ಲಿ ಅಡವಿಗೆ ತೀರ ಹತ್ತಿರವಾದದ್ದು ಮನಶ್ಶಾಸ್ತ್ರಜ್ಞರಾದ ಪಾಲ್ ಫಿಟ್ಸ್ ಮತ್ತು ಮೈಕೆಲ್ ಪೋಸ್ನರ್ 1967ರಲ್ಲಿ ವಿವರಿಸಿದ ಮೂರು ಹಂತಗಳ ಲೆಕ್ಕ. ಮೊದಲನೆಯದು ಬುದ್ಧಿಯ ಹಂತ: ಯಾವ ಕಾಲು ಮೊದಲು, ಕೈ ಎಲ್ಲಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಮಾಡುವುದು. ಎರಡನೆಯದು ಹೊಂದಿಕೆಯ ಹಂತ: ತಪ್ಪು ಕಡಿಮೆಯಾಗುತ್ತ ಕಾಲಿಗೂ ಗುರು ಬಾಯಲ್ಲಿ ಹೇಳುವ ಸೊಲ್ಲಿಗೂ ನಂಟು ಬೀಳುವುದು. ಮೂರನೆಯದು ಸಹಜದ ಹಂತ: ಕಾಲು ತನ್ನ ಪಾಡಿಗೆ ನಡೆಯುತ್ತ, ಮನಸ್ಸು ಭಾವಕ್ಕೆ ಬಿಡುವಾಗುವುದು. ತಟ್ಟಡವನ್ನು ಮೊದಲ ಕಾಲದಲ್ಲಿ ನಿಧಾನವಾಗಿ ಹಾಕಿಸಿ, ಆಮೇಲೆ ಎರಡನೆಯ, ಮೂರನೆಯ ಕಾಲಕ್ಕೆ ಏರಿಸುವ ನಟುವಾಂಗದ ಕ್ರಮ ಈ ಏಣಿಗೆ ಹೊಂದಿಕೊಳ್ಳುತ್ತದೆ. ಎಚ್ಚರ ಬೇಕಾದದ್ದು ಒಂದು ಕಡೆ. ಸಹಜದ ಹಂತಕ್ಕೆ ತಪ್ಪೂ ಏರುತ್ತದೆ. ಮೊಣಕಾಲು ಬಾಗಿಸಿ ನಿಲ್ಲುವ ಅರಮಂಡಿಯಲ್ಲಿ ಮುಂದಕ್ಕೆ ಬಾಗುವ ಬೆನ್ನು ಮೊದಲ ತಿಂಗಳಲ್ಲಿ ಸರಿಯಾಗದಿದ್ದರೆ, ವರ್ಷ ಕಳೆಯುವ ಹೊತ್ತಿಗೆ ಅದೇ ಆ ಮಗುವಿನ ಅರಮಂಡಿಯಾಗಿರುತ್ತದೆ. ನಾಟ್ಯದಲ್ಲಿ ದೂರವೆಂದರೆ ತಪ್ಪಿಗೂ ತಿದ್ದುಪಡಿಗೂ ನಡುವಿನ ಹೊತ್ತು.

ನೋಡಿ ಕಲಿಯುವುದನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ನಾಲ್ಕು ಮೆಟ್ಟಿಲಾಗಿ ಬಿಡಿಸಿಟ್ಟರು: ಗಮನಿಸುವುದು, ನೆನಪಿಡುವುದು, ಮಾಡಿ ತೋರಿಸುವುದು, ಮಾಡಬೇಕೆಂಬ ಹುಮ್ಮಸ್ಸು. ಮೊಬೈಲಿನ ವಿಡಿಯೊ ಮೊದಲ ಎರಡಕ್ಕೆ ಒಳ್ಳೆಯ ಊರುಗೋಲು. ಎಷ್ಟು ಸಲ ಬೇಕಾದರೂ ನಿಲ್ಲಿಸಿ, ಹಿಂದಕ್ಕೆ ಹೋಗಿ ನೋಡಬಹುದು. ಆದರೆ ಗಮನಿಸುವ ಕಣ್ಣೂ ಕಲಿತ ಕಣ್ಣಾಗಿರಬೇಕು. 2005ರಲ್ಲಿ ಪ್ರಕಟವಾದ ಬಿಯಾಟ್ರಿಸ್ ಕಾಲ್ವೊ-ಮೆರಿನೊ ಮತ್ತು ಸಂಗಡಿಗರ ಅಧ್ಯಯನದಲ್ಲಿ ಬ್ಯಾಲೆ ನರ್ತಕರಿಗೂ ಬ್ರೆಜಿಲ್‌ನ ಕಪೊಯೆರಾ ಕಲಾವಿದರಿಗೂ ಎರಡೂ ಶೈಲಿಗಳ ದೃಶ್ಯ ತೋರಿಸಿ ಮಿದುಳಿನ ಚಟುವಟಿಕೆಯನ್ನು ಅಳೆಯಲಾಯಿತು. ತಾವು ಮೈಯಲ್ಲಿ ಕಲಿತ ಶೈಲಿಯನ್ನು ನೋಡುವಾಗ, ಚಲನೆಗೆ ಸಂಬಂಧಿಸಿದ ಮಿದುಳಿನ ಭಾಗಗಳು ಹೆಚ್ಚು ಚುರುಕಾಗಿದ್ದವು. ಅಂದರೆ ಕಲಿತ ಮೈ ನೋಡುವಾಗಲೂ ಒಳಗೊಳಗೇ ಕುಣಿಯುತ್ತಿರುತ್ತದೆ. ವಿದ್ವತ್ ಮಟ್ಟದವರು ವಿಡಿಯೊ ನೋಡಿ ತಿಲ್ಲಾನವೊಂದನ್ನು ಎತ್ತಿಕೊಳ್ಳಬಲ್ಲರು, ಗೆಜ್ಜೆ ಕಟ್ಟದ ಮಗುವಿಗೆ ಅದೇ ವಿಡಿಯೊ ಬರೀ ಚಂದದ ಚಿತ್ರ ಎಂಬ ವ್ಯತ್ಯಾಸಕ್ಕೆ ಇದು ಒಂದು ವಿವರಣೆ.

ಮೂರನೆಯ ಮೆಟ್ಟಿಲು, ಎಂದರೆ ಮಾಡಿ ತೋರಿಸುವುದು, ದೂರದಲ್ಲಿ ಎಷ್ಟು ಕಷ್ಟವೆಂಬುದನ್ನು 2020ರ ಕೊರೊನಾ ದಿನಗಳು ತೋರಿಸಿದವು. ಲೆಕ್ಕ ಸರಳ. ಮೊದಲ ಕಾಲದಲ್ಲಿ ಸೆಕೆಂಡಿಗೆ ಒಂದು ತಟ್ಟು ಎಂದಾದರೆ, ಮೂರನೆಯ ಕಾಲದಲ್ಲಿ ನಾಲ್ಕು. ಇಂಟರ್‌ನೆಟ್‌ನಲ್ಲಿ ದನಿ ಕಾಲು ಸೆಕೆಂಡು ತಡವಾಗಿ ತಲುಪಿದರೆ ಸಾಕು, ಒಂದಿಡೀ ತಟ್ಟು ಹಿಂದೆ ಬಿದ್ದಂತೆ. ಶಿಷ್ಯೆ ತಾಳಕ್ಕೆ ಸರಿಯಾಗಿಯೇ ಹೆಜ್ಜೆ ಹಾಕಿದರೂ ಗುರುವಿಗೆ ಅದು ತಪ್ಪಿದಂತೆ ಕಾಣುತ್ತದೆ. ಗದ್ದಲವನ್ನು ಸೋಸಲೆಂದು ಇರುವ ತಂತ್ರ ಪಾದದ ತಟ್ಟನ್ನೂ ಗದ್ದಲವೆಂದೇ ನುಂಗಿಬಿಡುತ್ತದೆ. ಪರದೆಯಲ್ಲಿ ಎಡಬಲ ಅದಲುಬದಲಾಗುವುದು ಇನ್ನೊಂದು ತೊಡಕು. ಈ ತೊಡಕುಗಳಿಗೆ ಪರಿಹಾರವೂ ಇದೆ: ಸೊಲ್ಲುಗಳನ್ನು ಧ್ವನಿಮುದ್ರಿಸಿ ಕಳಿಸುವುದು, ಶಿಷ್ಯೆ ಅದಕ್ಕೆ ಕುಣಿದು ವಿಡಿಯೊ ಮರಳಿಸುವುದು, ಗುರು ಬಿಡುವಿನಲ್ಲಿ ನೋಡಿ ತಿದ್ದುವುದು. ಅಂಚೆ ಶಿಕ್ಷಣದ ನಿಯೋಜಿತ ಬರಹ ನಡೆದು ಬಂದ ದಾರಿಯೇ ಇದು.

ರಷ್ಯದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ (1896–1934) ಹೇಳಿದ್ದು ಇನ್ನೂ ಸೂಕ್ಷ್ಮ. ಮಗು ತಾನಾಗಿ ಮಾಡಬಲ್ಲದ್ದಕ್ಕೂ ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವೆ ಒಂದು ಪಟ್ಟಿಯಿದೆ. ಕಲಿಸುವ ಕೆಲಸ ಫಲ ಕೊಡುವುದು ಆ ಪಟ್ಟಿಯೊಳಗೆ. ಅದು ಮಗುವಿನಿಂದ ಮಗುವಿಗೆ, ವಾರದಿಂದ ವಾರಕ್ಕೆ ಸರಿಯುತ್ತಿರುತ್ತದೆ. ಅಚ್ಚಾದ ಪಾಠಕ್ಕೆ ಅದು ಕಾಣುವುದಿಲ್ಲ, ಎದುರಿಗಿರುವ ಗುರುವಿಗೆ ಕಾಣುತ್ತದೆ. ರಾವಂದೂರಿನ ಸುತ್ತಿನವರಿಗೆ ಇದನ್ನು ಹೊಗೆಸೊಪ್ಪಿನಿಂದ ವಿವರಿಸಬಹುದು. ಬ್ಯಾರನ್ನಿನಲ್ಲಿ ವರ್ಜೀನಿಯಾ ಸೊಪ್ಪು ಬೇಯಿಸುವಾಗ ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ನಡುದಂಟು ಒಣಗಬೇಕು. ಥರ್ಮಾಮೀಟರ್ ಇದ್ದರೂ ಶಾಖವನ್ನು ಯಾವಾಗ ಏರಿಸಬೇಕೆಂದು ಹೇಳುವುದು ಎಲೆಯ ಬಣ್ಣ ನೋಡಿ ಪಳಗಿದ ಕಣ್ಣು. ಕನ್ನಡ ಇದಕ್ಕೆ ಹದ ಎನ್ನುತ್ತದೆ. ವಿಷಯ ಅಂಚೆಯಲ್ಲಿ ಬರುತ್ತದೆ, ಹದ ಬರುವುದು ಬಲ್ಲವರ ಪಕ್ಕದಲ್ಲಿ ನಿಂತಾಗ.

ಅಭಿನಯದಲ್ಲಿ ಈ ಮಾತು ಇನ್ನಷ್ಟು ನಿಜ. ಮೈಸೂರು ಶೈಲಿ ಹೆಸರಾದದ್ದೇ ಅಭಿನಯಕ್ಕೆ. ಪದ, ಜಾವಳಿಗಳ ಒಂದೇ ಸಾಲಿಗೆ ಹೆಣೆಯುವ ಬೇರೆ ಬೇರೆ ಸಂಚಾರಿಗಳನ್ನು, ಎಂದರೆ ಭಾವದ ವಿಸ್ತರಣೆಗಳನ್ನು, ಪಟ್ಟಿ ಮಾಡಿ ಕಳಿಸಿದರೂ ಹೊಸದನ್ನು ಹುಟ್ಟಿಸುವ ಬಗೆ ಅದರೊಳಗೆ ಇರುವುದಿಲ್ಲ. ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರ ಪುಸ್ತಕದಲ್ಲಿ, ಹೊಸಬರು ಕಸುಬಿನವರ ಗುಂಪಿನ ಅಂಚಿನಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತ ನಿಧಾನವಾಗಿ ನಡುವಿಗೆ ಬರುವುದನ್ನೇ ಕಲಿಕೆ ಎಂದರು. ಗುರುವಿನ ಮನೆಯಲ್ಲಿ ಹಿರಿಯರ ಪಾಠ ನೋಡುತ್ತ ಕುಳಿತ ಚಿಕ್ಕವರು ಕಲಿತದ್ದು ಹಾಗೆಯೇ.

ಹಾಗಾದರೆ ನಾಟ್ಯಗುರುವಿಗೆ ದೂರಶಿಕ್ಷಣದಿಂದ ಸಿಗುವುದೇನು? ನಾಟ್ಯಶಾಸ್ತ್ರ, ಅಭಿನಯದರ್ಪಣದಂಥ ಗ್ರಂಥಗಳ ಓದು, ಕಲೆಯ ಇತಿಹಾಸ, ಮಕ್ಕಳ ಮನಶ್ಶಾಸ್ತ್ರ ಇವು ಅಂಚೆಯಲ್ಲಿ ಸೊಗಸಾಗಿಯೇ ಬರುತ್ತವೆ. ಇದಕ್ಕಿಂತ ದೊಡ್ಡ ಲಾಭ ಬರೆಯುವ ಕೆಲಸದ್ದು. ಡೊನಾಲ್ಡ್ ಶಾನ್ 1983ರಲ್ಲಿ, ಪಳಗಿದ ಕಸುಬುದಾರರು ಕೆಲಸದ ನಡುವೆಯೂ ಕೆಲಸ ಮುಗಿದ ಮೇಲೂ ಅದರ ಬಗ್ಗೆ ಯೋಚಿಸುತ್ತ ಬೆಳೆಯುತ್ತಾರೆ ಎಂದರು. ಹೆಜ್ಜೆ ತಪ್ಪಿದಾಗ ಕೋಲು ನಿಲ್ಲಿಸುವುದು ಮೊದಲನೆಯ ಬಗೆ. ಆ ಮಗುವಿಗೆ ನಾಟ್ಟಡವು ಯಾಕೆ ಕೂಡಿಬರಲಿಲ್ಲ ಎಂದು ರಾತ್ರಿ ನಾಲ್ಕು ಸಾಲು ಬರೆಯುವುದು ಎರಡನೆಯದು. ಹತ್ತು ವರ್ಷ ಕೈಯೂ ಕಾಲೂ ಬಲ್ಲದ್ದನ್ನು ಮಾತಿಗೆ ತರಲು ಹೊರಟಾಗ, ಎಲ್ಲಿ ಮಾತು ಸಿಗುವುದಿಲ್ಲವೋ ಅಲ್ಲಿ ಇಷ್ಟು ದಿನ ಕಲಿಸದೆ ಬಿಟ್ಟದ್ದೂ ಗೋಚರವಾಗುತ್ತದೆ.

ಬಲ್ಲುದು ಬೇರೆ, ಕಲಿಸಬಲ್ಲುದು ಬೇರೆ ಎಂಬ ವಿಚಾರ ನಾಟ್ಯದ ಮಟ್ಟಿಗೆ ಹಳೆಯದು. ಕಾಳಿದಾಸನ ಮಾಳವಿಕಾಗ್ನಿಮಿತ್ರದ ಮೊದಲ ಅಂಕದಲ್ಲಿ ಗಣದಾಸ, ಹರದತ್ತ ಎಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಮೇಲು ಎಂದು ಜಗಳಕ್ಕೆ ನಿಲ್ಲುತ್ತಾರೆ. ತೀರ್ಪು ಕೊಡಬೇಕಾದ ಪಂಡಿತೆ ಕೌಶಿಕಿ ಕಲೆಯ ಸಿದ್ಧಿಯನ್ನೂ ಅದನ್ನು ಇನ್ನೊಬ್ಬರಿಗೆ ದಾಟಿಸುವ ಸಿದ್ಧಿಯನ್ನೂ ಬೇರೆ ಮಾಡಿ, ಎರಡೂ ಉಳ್ಳವರನ್ನೇ ಮುಂದಿನ ಸಾಲಿಗೆ ಕರೆಯುತ್ತಾಳೆ. ಪರೀಕ್ಷೆ ನಡೆಯುವುದು ಶಿಷ್ಯೆಯರ ಕುಣಿತದ ಮೂಲಕ.

ಹೋಬಳಿ ಊರಿನ ನಾಟ್ಯತರಗತಿಗೆ ಈ ಎಲ್ಲದರಿಂದ ಒಂದು ಹಂಚಿಕೆ ದೊರೆಯುತ್ತದೆ. ಶಾಸ್ತ್ರಭಾಗ, ಮುದ್ರೆಗಳ ಹೆಸರು, ಕೇಳಿ ಬಾಯಿಪಾಠ ಮಾಡುವ ಸೊಲ್ಲು, ಈಗಾಗಲೇ ಮೈಗೂಡಿದ ನೃತ್ಯಬಂಧದ ಮರುಅಭ್ಯಾಸ ಇವನ್ನು ಪುಸ್ತಕಕ್ಕೂ ಮೊಬೈಲಿಗೂ ಬಿಡಬಹುದು. ಹೊಸ ಅಡವು, ಮೊದಲ ವರ್ಷದ ಅರಮಂಡಿ, ಕಾಲ ಏರಿಸುವ ಹೊತ್ತು, ಅಭಿನಯದ ಸಂಚಾರಿ ಇವು ಗುರುವಿನ ಕಣ್ಣೆದುರೇ ನಡೆಯಬೇಕು. ಆಗ ಎದುರುಬದುರಿನ ಒಂದು ಗಂಟೆ ತಿದ್ದುವುದಕ್ಕೆ ಪೂರ್ತಿಯಾಗಿ ಉಳಿಯುತ್ತದೆ.