ಯಂತ್ರಾಂಶ ಮತ್ತು ರಸವಿಘ್ನ: ಜಾಲದ ಪಾತ್ರಾಟವನ್ನು ಕುರಿತು ಕೆಲವು ವಿಚಾರಗಳು

ಜನಪ್ರಿಯ ಸಂಸ್ಕೃತಿಯ ಅಧ್ಯಯನವು ಸಿನಿಮಾ, ಧಾರಾವಾಹಿ, ಜಾಹೀರಾತುಗಳ ಎಲ್ಲೆಯನ್ನು ದಾಟಿ ಗಣಕದ ಆಟಗಳತ್ತ ಚಾಚಿಕೊಳ್ಳುವುದು ಸಹಜವೇ ಆಗಿದೆ. ಈ ಆಟಗಳಲ್ಲಿ ಕಥೆಯಿದೆ, ಪಾತ್ರಗಳಿವೆ, ಸಂಭಾಷಣೆಯಿದೆ. ಆದ್ದರಿಂದ ಅವುಗಳನ್ನು ‘ಪಠ್ಯ’ವೆಂದು ಓದಬಹುದು ಎಂಬುದು ಇಂತಹ ಅಧ್ಯಯನಗಳ ಮೊದಲ ನಂಬಿಕೆ. ನಂಬಿಕೆಯೇನೋ ತಪ್ಪಲ್ಲ. ಆದರೆ ಮುದ್ರಿತ ಪುಟಗಳಿಗೆ ಒಗ್ಗಿಹೋದ ಕಣ್ಣು ಇಲ್ಲಿ ಒಂದು ಸಂಗತಿಯನ್ನು ಕಾಣದೆ ಹೋಗುತ್ತದೆ. ಅಗ್ಗದ ಕಾಗದದಲ್ಲಿ ಅಚ್ಚಾಗಿರಲಿ, ದಪ್ಪ ರಟ್ಟಿನ ಗ್ರಂಥಾಲಯದ ಪ್ರತಿಯಾಗಿರಲಿ, ಗದುಗಿನ ಭಾರತ ಗದುಗಿನ ಭಾರತವೇ. ಆಟ ಹಾಗಲ್ಲ. ಅದನ್ನು ಪ್ರತಿ ಕ್ಷಣವೂ ಯಂತ್ರವು ಹೊಸದಾಗಿ ಕಟ್ಟಿಕೊಡಬೇಕು. ಯಂತ್ರ ದುರ್ಬಲವಾದರೆ ಕಟ್ಟಡವೂ ಕುಸಿಯುತ್ತದೆ.

ಜಾಲದ ಪಾತ್ರಾಟದಲ್ಲಿ ಇದು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಸಾವಿರಾರು ಜನ ಏಕಕಾಲಕ್ಕೆ ಒಂದೇ ಕಲ್ಪಿತ ಲೋಕವನ್ನು ಪ್ರವೇಶಿಸುತ್ತಾರೆ. ಪ್ರತಿಯೊಬ್ಬರೂ ಒಂದು ಪಾತ್ರವನ್ನು ಧರಿಸಿ ತಿಂಗಳುಗಟ್ಟಲೆ ಅದನ್ನು ಬೆಳೆಸುತ್ತಾರೆ. ತೆರೆಯ ಮೇಲಿನ ಚಲನೆ ಒಂದರ ಹಿಂದೊಂದರಂತೆ ಬರುವ ಚಿತ್ರಗಳ ಸಾಲು. ಸೆಕೆಂಡಿಗೆ 60 ಚಿತ್ರಗಳು ಮೂಡಿದರೆ ಒಂದೊಂದಕ್ಕೂ ಸುಮಾರು 17 ಮಿಲಿಸೆಕೆಂಡು ಹಿಡಿಯುತ್ತದೆ. 20 ಮಾತ್ರ ಮೂಡಿದರೆ 50 ಮಿಲಿಸೆಕೆಂಡು. ಸಿನಿಮಾಕ್ಕೆ 24 ಚಿತ್ರಗಳು ಸಾಕಾಗುತ್ತವಲ್ಲ ಎಂಬ ಪ್ರಶ್ನೆ ಏಳಬಹುದು. ಸಿನಿಮಾ ನೋಡುವವನು ಏನನ್ನೂ ಮಾಡಬೇಕಾಗಿಲ್ಲ. ಇಲ್ಲಿ ನೋಡುವವನೇ ಮಾಡುವವನೂ ಹೌದು. ಬೆರಳು ಒತ್ತಿದ್ದಕ್ಕೂ ಪಾತ್ರ ಕತ್ತಿ ಎತ್ತಿದ್ದಕ್ಕೂ ನಡುವೆ ಬಿರುಕು ಕಂಡ ಕೂಡಲೇ ‘ಇದು ನಾನು’ ಎಂಬ ಭಾವ ಕಳಚಿಬೀಳುತ್ತದೆ.

ನಟ ಮತ್ತು ಸಹೃದಯ ಒಂದೇ ದೇಹದಲ್ಲಿ ಸೇರಿಕೊಂಡಿರುವ ಈ ಸ್ಥಿತಿಯನ್ನು ವಿವರಿಸಲು ಪಶ್ಚಿಮದ ಆಟ-ಅಧ್ಯಯನಗಳ ಪರಿಭಾಷೆಯನ್ನು ಎರವಲು ತರುವ ಮುನ್ನ ನಮ್ಮ ತರಗತಿಗಳಲ್ಲಿಯೇ ಬೋಧಿಸುವ ಒಂದು ವಿಚಾರವನ್ನು ಮತ್ತೆ ಓದಬಹುದು. ಅಭಿನವಗುಪ್ತನು ‘ಅಭಿನವಭಾರತಿ’ಯಲ್ಲಿ ಏಳು ರಸವಿಘ್ನಗಳನ್ನು ಹೇಳುತ್ತಾನೆ. ಸ್ನಾತಕೋತ್ತರ ತರಗತಿಯಲ್ಲಿ ಇವುಗಳನ್ನು ಪಟ್ಟಿಯಾಗಿ ಬರೆಸಿ ಮುಂದೆ ಸಾಗುವುದೇ ವಾಡಿಕೆ. ಆದರೆ ನಾಲ್ಕನೆಯದಾದ ಪ್ರತೀತ್ಯುಪಾಯವೈಕಲ್ಯ, ಅಂದರೆ ಅರಿವಿಗೆ ಒದಗಬೇಕಾದ ಸಾಧನಗಳ ಕೊರತೆ, ಹಾಗೂ ಐದನೆಯದಾದ ಸ್ಫುಟತ್ವಾಭಾವ, ಅಂದರೆ ಸ್ಪಷ್ಟತೆ ಇಲ್ಲದಿರುವುದು, ಇವೆರಡೂ ಗಣಕದ ಆಟಗಾರನ ದಿನನಿತ್ಯದ ಸಂಕಟಗಳೇ ಆಗಿವೆ. ಮೂರನೆಯದು ಇನ್ನೂ ಕುತೂಹಲಕಾರಿಯಾದದ್ದು: ತನ್ನದೇ ಸುಖದುಃಖಗಳಿಗೆ ವಶನಾಗಿಬಿಡುವುದು. ಕೈಯೊಳಗಿನ ಮೊಬೈಲು ಕಾದು ಬಿಸಿಯಾಗುತ್ತಿರುವಾಗ, ಬ್ಯಾಟರಿ ಇನ್ನೆಷ್ಟು ಉಳಿದಿದೆ ಎಂದು ತೆರೆಯ ಮೂಲೆಯನ್ನೇ ನೋಡುತ್ತಿರುವಾಗ ಆಟಗಾರನು ಇದೇ ವಿಘ್ನದಲ್ಲಿ ಸಿಲುಕಿರುತ್ತಾನೆ. ಇದಕ್ಕೆ ಅಭಿನವಗುಪ್ತನು ಸೂಚಿಸುವ ಪರಿಹಾರ ವಾದ್ಯ, ಗಾನ, ಚಿತ್ತಾಕರ್ಷಕವಾದ ಮಂಟಪ ಮುಂತಾದವು. ನಟನ ಸ್ವಂತ ರೂಪ ಮರೆಯಾಗಲೆಂದು ತಲೆಯ ತೊಡುಗೆಯನ್ನೂ ಆತ ಹೇಳುತ್ತಾನೆ. ರಸವು ಸಹೃದಯನ ಚಿತ್ತದಲ್ಲಿಯೇ ಉಂಟಾಗುವಂಥದು ಎಂದ ಮೀಮಾಂಸಕನೇ ಸಲಕರಣೆಗಳಿಗೆ ಬಾಗಿಲು ತೆರೆದಿಟ್ಟಿದ್ದಾನೆ ಎಂಬುದು ಗಮನಾರ್ಹ.

ಈ ಬಾಗಿಲಿನ ಮೂಲಕ ಬೆಳಗಾವಿ ಜಿಲ್ಲೆಯ ಮಲಪ್ರಭಾ ಸೀಮೆಯತ್ತ ನೋಡಬಹುದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳು ಪಾತ್ರ ಧರಿಸುವ ಆಟಕ್ಕೆ ಹೊಸಬವಲ್ಲ. ‘ಆಟ’ ಎಂಬ ಪದವೇ ಇಲ್ಲಿ ಮೊದಲಿಗೆ ದೊಡ್ಡಾಟ, ಸಣ್ಣಾಟಗಳನ್ನು ನೆನಪಿಸುತ್ತದೆ. ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲ ಸೀಮೆಯದೇ ಕಥೆ. ಕಂಪನಿ ರಂಗಭೂಮಿಯ ದೊಡ್ಡ ನಟ ಏಣಗಿ ಬಾಳಪ್ಪನವರು (1914–2017) ಸವದತ್ತಿ ತಾಲ್ಲೂಕಿನ ಏಣಗಿಯವರು. ಈ ಪರಂಪರೆಯಲ್ಲಿ ಸಲಕರಣೆಯ ಪ್ರಶ್ನೆ ಎಂದೂ ಗೌಣವಾಗಿರಲಿಲ್ಲ. ದೊಡ್ಡಾಟಕ್ಕೆ ಕಿರೀಟ, ಭುಜಕೀರ್ತಿ, ಎದೆಹಾರ ಬೇಕು. ಅವು ಇಲ್ಲದೆ ಕೌರವ ಕೌರವನಾಗುವುದಿಲ್ಲ. ಸಣ್ಣಾಟಕ್ಕೆ ದಿನಬಳಕೆಯ ಉಡುಗೆ, ದಪ್ಪು, ತಾಳ, ಹಾರ್ಮೋನಿಯಂ ಇದ್ದರೆ ಆಯಿತು. ಸಣ್ಣಾಟದ ಜನಪ್ರಿಯತೆಗೆ ಅದರ ಲೌಕಿಕ ವಸ್ತುವನ್ನೇ ಕಾರಣವಾಗಿ ಹೇಳುತ್ತ ಬರಲಾಗಿದೆ. ಅದರ ಸಲಕರಣೆ ಹಗುರವಾಗಿತ್ತು, ಹಣವಿಲ್ಲದ ಊರೂ ಅದನ್ನು ಎತ್ತಿ ಕಟ್ಟಬಹುದಿತ್ತು ಎಂಬ ಕಾರಣಕ್ಕೆ ಅಷ್ಟೇ ತೂಕ ಕೊಡಬೇಕಾಗಿದೆ.

ಇನ್ನೊಂದು ಮಾತು. ಬಯಲಾಟದ ಪಾತ್ರಧಾರಿಗಳು ‘ಕಿರುಚುತ್ತಾರೆ’, ಬಣ್ಣಗಾರಿಕೆ ‘ಢಾಳು’ ಎಂಬ ಆಕ್ಷೇಪ ನಗರದ ಪ್ರೇಕ್ಷಕರಿಂದ ಹಿಂದಿನಿಂದಲೂ ಇದೆ. ಪಂಜಿನ ಬೆಳಕಿನಲ್ಲಿ, ಆಮೇಲೆ ಗ್ಯಾಸಬತ್ತಿಯ ಬೆಳಕಿನಲ್ಲಿ, ಧ್ವನಿವರ್ಧಕವಿಲ್ಲದೆ, ಹಿಂದಿನ ಸಾಲಿನ ಮುದುಕನಿಗೂ ಮುಖ ಕಾಣಬೇಕು, ಮಾತು ಮುಟ್ಟಬೇಕು ಎಂದಾಗ ಢಾಳು ಬಣ್ಣವೂ ಎತ್ತರದ ದನಿಯೂ ಸ್ಫುಟತ್ವಾಭಾವದ ವಿರುದ್ಧ ಕಂಡುಕೊಂಡ ಉಪಾಯಗಳು. ಅದೇ ಆಟವನ್ನು ಅಕ್ಟೋಬರಿನ ಕಿತ್ತೂರು ಉತ್ಸವದಂಥ ಬೃಹತ್ ವೇದಿಕೆಯಲ್ಲಿ, ಪ್ರಖರ ದೀಪಗಳ ಕೆಳಗೆ, ಧ್ವನಿವರ್ಧಕದ ಮುಂದೆ ಆಡಿಸಿದರೆ ಉಪಾಯವೇ ವಿಘ್ನವಾಗಿ ಪರಿಣಮಿಸುತ್ತದೆ. ಸಲಕರಣೆಯ ಮಿತಿಯಿಂದ ಹುಟ್ಟಿದ್ದನ್ನು ಅಭಿರುಚಿಯ ಕೊರತೆ ಎಂದು ಓದಿದ ತಪ್ಪು ಅಲ್ಲಿ ನಡೆಯಿತು. ಅದೇ ತಪ್ಪು ಈಗ ಮೊಬೈಲು ಹಿಡಿದ ಹುಡುಗರ ವಿಷಯದಲ್ಲಿಯೂ ನಡೆಯುತ್ತಿದೆ.

ಹಳ್ಳಿಯ, ಅದರಲ್ಲೂ ಉತ್ತರ ಕರ್ನಾಟಕದ ಹುಡುಗರಿಗೆ ಗುಂಡು ಹಾರಿಸುವ ಆಟವೇ ಪ್ರೀತಿ, ಕಥೆಯುಳ್ಳ ಪಾತ್ರಾಟ ಅವರಿಗೆ ಹಿಡಿಸದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಈ ತೀರ್ಪಿಗೆ ಮೊದಲು ಆಟಗಳ ಚರಿತ್ರೆಯನ್ನು ಒಮ್ಮೆ ನೋಡಬೇಕು. 1999ರಲ್ಲಿ ಬಂದ ‘ಎವರ್‌ಕ್ವೆಸ್ಟ್’ ಎಂಬ ಪಾತ್ರಾಟ ಮೂರು ಆಯಾಮದ ಚಿತ್ರಗಳಿಗೆಂದೇ ಪ್ರತ್ಯೇಕವಾದ ಗ್ರಾಫಿಕ್ಸ್ ಕಾರ್ಡನ್ನು ಕಡ್ಡಾಯವಾಗಿ ಬೇಡಿತು. 2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಕನಿಷ್ಠ 256 ಮೆಗಾಬೈಟು ಸ್ಮೃತಿಯನ್ನು ಕೇಳಿತು. ಆ ಕಾಲದ ಸಾಮಾನ್ಯ ಗಣಕಕ್ಕೆ ಅದು ಸಣ್ಣ ಬೇಡಿಕೆಯಲ್ಲ. 2001ರ ‘ರೂನ್‌ಸ್ಕೇಪ್’ ಮಾತ್ರ ಬ್ರೌಸರಿನೊಳಗೇ ನಡೆಯುವಷ್ಟು ಹಗುರವಾಗಿತ್ತು. ಗ್ರಾಫಿಕ್ಸ್ ಕಾರ್ಡಿಲ್ಲದ ಸೈಬರ್ ಕೆಫೆಯ ಗಣಕದಲ್ಲೂ ಅದನ್ನು ಆಡಬಹುದಿತ್ತು. ಅಂದರೆ ಈ ಪ್ರಕಾರದೊಳಗೇ ದೊಡ್ಡಾಟವೂ ಇದೆ, ಸಣ್ಣಾಟವೂ ಇದೆ.

2016ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಆರಂಭವಾದ ಮೇಲೆ ಜಾಲದ ಬೆಲೆ ಇಳಿಯಿತು. ಜಾಲ ಅಗ್ಗವಾದಷ್ಟು ವೇಗವಾಗಿ ಯಂತ್ರ ಅಗ್ಗವಾಗಲಿಲ್ಲ. ಈ ಅಂತರದಲ್ಲಿಯೇ 2017ರ ‘ಫ್ರೀ ಫೈರ್’ ಭಾರತದಲ್ಲಿ ಹಬ್ಬಿತು. ಕಡಿಮೆ ಬೆಲೆಯ, ಕಡಿಮೆ ಸ್ಮೃತಿಯ ಮೊಬೈಲಿನಲ್ಲಿ ಓಡುವಂತೆ ಅದನ್ನು ರೂಪಿಸಲಾಗಿತ್ತು. ಪಂದ್ಯ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿತ್ತು. 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸುವವರೆಗೂ ಆ ಜನಪ್ರಿಯತೆ ಕುಗ್ಗಲಿಲ್ಲ. ಇನ್ನೊಂದೆಡೆ 2020ರ ಸೆಪ್ಟೆಂಬರಿನಲ್ಲಿ ಬಂದ ‘ಗೆನ್‌ಶಿನ್ ಇಂಪ್ಯಾಕ್ಟ್’ ಎಂಬ ಪಾತ್ರಾಟ ಮೊಬೈಲಿನಲ್ಲಿಯೇ ಹಲವು ಗಿಗಾಬೈಟುಗಳ ಜಾಗವನ್ನೂ ಬಲವಾದ ಪ್ರೊಸೆಸರನ್ನೂ ಬೇಡುತ್ತದೆ. ರಾಮದುರ್ಗದ ಕಾಲೇಜು ಹುಡುಗನೊಬ್ಬ ಇವೆರಡರಲ್ಲಿ ಮೊದಲನೆಯದನ್ನು ಆರಿಸಿಕೊಂಡಿದ್ದರೆ ಅದನ್ನು ಕಥನಕ್ಕೆ ವಿಮುಖವಾದ ಮನಸ್ಸಿನ ಸಾಕ್ಷ್ಯವೆಂದು ಬರೆಯುವುದು ಎಷ್ಟು ಸರಿ? ಅವನು ಆರಿಸಿಕೊಳ್ಳಲೇ ಇಲ್ಲ. ಅವನ ಮೊಬೈಲು ಆರಿಸಿತು ಎನ್ನುವುದೇ ವಾಸ್ತವಕ್ಕೆ ಹೆಚ್ಚು ಹತ್ತಿರ. (ಕೈಮಗ್ಗ, ವಿದ್ಯುತ್ ಮಗ್ಗಗಳೆರಡನ್ನೂ ಬಲ್ಲ ರಾಮದುರ್ಗ, ಸುರೇಬಾನಗಳ ನೇಕಾರರು ಯಾವ ಮಗ್ಗದ್ದೆಂದು ಕೇಳದೆ ಸೀರೆಯ ಗುಣವನ್ನು ಹೇಳುವುದಿಲ್ಲ. ಸಾಂಸ್ಕೃತಿಕ ಅಧ್ಯಯನಕ್ಕೆ ಈ ಎಚ್ಚರ ಇನ್ನೂ ಬಂದಿಲ್ಲ.)

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಆನಂದವು ಯಂತ್ರವನ್ನೇ ಅವಲಂಬಿಸಿದ್ದರೆ ಚಿತ್ರವೇ ಇಲ್ಲದ ಆಟಗಳನ್ನು ಜನ ಹೇಗೆ ಸವಿದರು? 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಕಟ್ಟಿದ ‘ಮಡ್’ ಎಂಬ ಆಟದಲ್ಲಿ ಇದ್ದದ್ದು ಬರೆಹವೊಂದೇ. ಗುಹೆ, ಕಾಡು, ನಿಧಿ ಎಲ್ಲವೂ ವಾಕ್ಯಗಳಾಗಿ ತೆರೆಯ ಮೇಲೆ ಬರುತ್ತಿದ್ದವು. ಆಡುವವರು ರಾತ್ರಿಯೆಲ್ಲ ಆಡುತ್ತಿದ್ದರು. ಈ ಆಕ್ಷೇಪ ವಾದವನ್ನು ಬೀಳಿಸುವುದಿಲ್ಲ, ತಿದ್ದುತ್ತದೆ. ಬಲವಾದ ಯಂತ್ರ ರಸವನ್ನು ಹುಟ್ಟಿಸುವುದಿಲ್ಲ. ಕೃತಿ ಬೇಡುವುದಕ್ಕೂ ಯಂತ್ರ ಕೊಡುವುದಕ್ಕೂ ನಡುವಿನ ಅಂತರ ವಿಘ್ನವನ್ನು ಹುಟ್ಟಿಸುತ್ತದೆ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಹಾಡುವ ಜೋಗತಿಗೆ ಒಂದು ಚೌಡಿಕೆ ಸಾಕು, ಆ ಹಾಡು ಬೇಡುವುದು ಅಷ್ಟನ್ನೇ. ಆದರೆ ಆ ಚೌಡಿಕೆಯ ತಂತಿ ಸಡಿಲವಾದರೆ ಹಾಡು ನಿಲ್ಲುತ್ತದೆ.

ಬಾರ್ಟಲ್ 1996ರಲ್ಲಿ ಆಟಗಾರರನ್ನು ಸಾಧಕರು, ಅನ್ವೇಷಕರು, ಬೆರೆಯುವವರು, ಕೊಲ್ಲುವವರು ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದರು. ಆಟ-ಅಧ್ಯಯನಗಳಲ್ಲಿ ಈ ವಿಂಗಡಣೆ ಬಹಳ ಬಳಕೆಯಲ್ಲಿದೆ. ಅದು ಹುಟ್ಟಿದ್ದು ಬರೆಹವಷ್ಟೇ ಇದ್ದ ಆಟಗಳ ಅನುಭವದಿಂದ; ಅಲ್ಲಿ ಒಬ್ಬನ ಯಂತ್ರಕ್ಕೂ ಇನ್ನೊಬ್ಬನ ಯಂತ್ರಕ್ಕೂ ಇದ್ದ ವ್ಯತ್ಯಾಸ ಆಟದ ಮೇಲೆ ಹೆಚ್ಚು ಪರಿಣಾಮ ಬೀರುತ್ತಿರಲಿಲ್ಲ. ಇಂದು ಅದನ್ನು ಹಾಗೆಯೇ ಅನ್ವಯಿಸಿದರೆ ಸ್ವಭಾವವೆಂದು ಎಣಿಸಿದ್ದು ಯಂತ್ರಾಂಶವಾಗಿರುವ ಸಾಧ್ಯತೆಯಿದೆ. ಅನ್ವೇಷಿಸುವ ಬಯಕೆಯುಳ್ಳವನ ಮೊಬೈಲು ವಿಶಾಲವಾದ ಬಯಲನ್ನು ತೆರೆದ ಕೂಡಲೇ ಸ್ತಬ್ಧವಾದರೆ ಅವನು ಊರ ಚೌಕದಲ್ಲಿ ನಿಂತು ಹರಟೆ ಹೊಡೆಯುತ್ತಾನೆ. ಸಂಶೋಧಕ ಅವನನ್ನು ಬೆರೆಯುವವರ ಪಟ್ಟಿಗೆ ಸೇರಿಸುತ್ತಾನೆ.

ಗುಂಪಿನ ಕಾಳಗಗಳಲ್ಲಿ ಇದು ಸಾಮಾಜಿಕ ಸ್ವರೂಪವನ್ನು ತಾಳುತ್ತದೆ. ಹತ್ತಾರು ಜನ ಕೂಡಿ ಒಂದು ದೈತ್ಯನನ್ನು ಎದುರಿಸುವಾಗ ತೆರೆಯ ಮೇಲೆ ಕಿಡಿ, ಹೊಗೆ, ಮಂತ್ರಗಳೆಲ್ಲ ಒಮ್ಮೆಗೇ ಮೂಡಬೇಕು. ದುರ್ಬಲ ಯಂತ್ರ ತಡವರಿಸುವುದು ಸರಿಯಾಗಿ ಆ ಹೊತ್ತಿನಲ್ಲೇ. ಒಬ್ಬನ ತಡವರಿಕೆಯಿಂದ ಎಲ್ಲರೂ ಸೋಲಬಹುದು. ಆದ್ದರಿಂದ ಅಂಥವನು ಮುಂದೆ ನಿಂತು ಪೆಟ್ಟು ತಡೆಯುವ ಪಾತ್ರವನ್ನು ಬಿಟ್ಟು ಹಿಂದೆ ಉಳಿಯುವ ಪಾತ್ರವನ್ನು ಆರಿಸಿಕೊಳ್ಳುವುದುಂಟು, ಇಲ್ಲವೇ ಗುಂಪಿನಿಂದ ಹೊರಬೀಳುವುದುಂಟು. ಬಯಲಾಟದಲ್ಲಿ ಮುಖ್ಯ ಪಾತ್ರದ ವೇಷಕ್ಕೆ ಹಣ ಹಾಕಬಲ್ಲವನಿಗೇ ಆ ಪಾತ್ರ ಸಿಗುತ್ತಿದ್ದ ಸಂದರ್ಭಗಳನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ವಿದ್ಯುತ್ ಕಡಿತ, ಬೇಸಿಗೆಯ ಸೆಕೆ, ಮನೆಗೆ ಒಂದೇ ಮೊಬೈಲಿದ್ದರೆ ಸಂಜೆ ಅದು ಅಣ್ಣನ ಕೈಯಲ್ಲಿರುತ್ತದೆಯೋ ತಂಗಿಯ ಕೈಯಲ್ಲಿರುತ್ತದೆಯೋ ಎಂಬ ಪ್ರಶ್ನೆ, ಇವೂ ಇದರ ಜೊತೆಗೇ ಬರುತ್ತವೆ. ಮೊಬೈಲು ಮಿತಿಮೀರಿ ಕಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಏಪ್ರಿಲ್ ತಿಂಗಳ ಸವದತ್ತಿಯ ತಗಡಿನ ಮನೆಯಲ್ಲಿ ಆಡುವ ಆಟವೂ ಬೆಂಗಳೂರಿನ ತಂಪು ಕೋಣೆಯಲ್ಲಿ ಆಡುವ ಆಟವೂ ಹೆಸರಿನಲ್ಲಿ ಮಾತ್ರ ಒಂದೇ.

ಕನ್ನಡದ ಅಧ್ಯಾಪಕರಿಗೆ ನೇರವಾಗಿ ಸಂಬಂಧಿಸಿದ ಸಂಗತಿ ಇನ್ನೊಂದಿದೆ. ಯೂನಿಕೋಡ್ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿತು. ಇಂದಿನ ಮೊಬೈಲುಗಳು ಒತ್ತಕ್ಷರಗಳನ್ನು ಸರಿಯಾಗಿಯೇ ತೋರಿಸುತ್ತವೆ. ಆದರೆ ಆಟಗಳು ತಮ್ಮೊಳಗಿನ ಮಾತುಕತೆಯ ಚೌಕಟ್ಟಿನಲ್ಲಿ ಅಕ್ಷರಗಳನ್ನು ತಾವೇ ಚಿತ್ರಿಸಿಕೊಳ್ಳುವುದರಿಂದ ಹಲವು ಕಡೆ ಒತ್ತು ಅಕ್ಷರದಿಂದ ಬೇರೆಯಾಗಿ ನಿಲ್ಲುತ್ತದೆ, ಇಲ್ಲವೇ ಖಾಲಿ ಚೌಕಗಳು ಮೂಡುತ್ತವೆ. ಬೈಲಹೊಂಗಲದ ಹುಡುಗ ‘ಎಲ್ಲಿ ಅದೀಯೋ’ ಎಂಬುದನ್ನು ರೋಮನ್ ಲಿಪಿಯಲ್ಲಿ ಬರೆದರೆ ಅದನ್ನು ಭಾಷಾಭಿಮಾನದ ಕೊರತೆಯೆಂದು ಹಳಿಯುವುದು ಸುಲಭ. ಧ್ವನಿಯ ಮೂಲಕ ಮಾತನಾಡುವ ಸೌಲಭ್ಯ ಬಂದಾಗ ಆದದ್ದು ಬೇರೆಯೇ. ಕಿವಿಗೆ ಹಾಕಿಕೊಳ್ಳುವ ಸಣ್ಣ ಮೈಕೊಂದಿದ್ದರೆ ‘ಹಿಂದ ನಿಂದರು’, ‘ಲಗೂ ಬಾರೋ’ ಎಂಬ ಮಾತುಗಳು ಯಾವ ಲಿಪಿಯ ಹಂಗೂ ಇಲ್ಲದೆ ಆ ದೂರದ ಕಲ್ಪಿತ ಲೋಕವನ್ನು ಹೊಗುತ್ತವೆ. ಪಠ್ಯಪುಸ್ತಕದ ಶಿಷ್ಟ ಕನ್ನಡಕ್ಕೆ ಅಲ್ಲಿ ಕೆಲಸವೇ ಇಲ್ಲ. ಅಗ್ಗದ ಒಂದು ಸಲಕರಣೆ ಉಪಭಾಷೆಗೆ ತೆರೆದುಕೊಟ್ಟ ಈ ಅವಕಾಶವನ್ನು ಭಾಷಾವಿಜ್ಞಾನಿಗಳು ಇನ್ನೂ ತಿರುಗಿ ನೋಡಬೇಕಾಗಿದೆ.

ಬಯಲಾಟಗಳ ಸಂಗ್ರಹಕಾರ್ಯ ನಡೆದಾಗ ಹಾಡು ಮತ್ತು ಮಾತುಗಳನ್ನು ಶ್ರದ್ಧೆಯಿಂದ ಬರೆದುಕೊಳ್ಳಲಾಯಿತು. ಎಷ್ಟು ದೀಪಗಳಿದ್ದವು, ವೇಷಗಳು ಯಾರ ಮನೆಯಿಂದ ಬಂದವು, ಪ್ರೇಕ್ಷಕರು ಎಷ್ಟು ದೂರ ಕುಳಿತಿದ್ದರು ಎಂಬ ವಿವರಗಳು ಬಹುಮಟ್ಟಿಗೆ ದಾಖಲಾಗಲಿಲ್ಲ. ಅವುಗಳನ್ನು ಇಂದು ಮರಳಿ ಪಡೆಯುವ ದಾರಿಯಿಲ್ಲ. ಆಟಗಳನ್ನು ಕುರಿತು ಈ ನಾಲ್ಕು ತಾಲ್ಲೂಕುಗಳಲ್ಲಿ ಕ್ಷೇತ್ರಕಾರ್ಯಕ್ಕೆ ಹೊರಡುವ ಸಂಶೋಧಕರ ಪ್ರಶ್ನಾವಳಿಯಲ್ಲಿ ‘ನಿಮಗೆ ಯಾವ ಆಟ ಇಷ್ಟ’ ಎಂಬುದಕ್ಕಿಂತ ಮುಂಚೆ ಮೊಬೈಲು ಯಾವುದು, ಎಷ್ಟು ವರ್ಷದ್ದು, ಅದರ ಸ್ಮೃತಿ ಎಷ್ಟು, ಯಾರ ಯಾರ ನಡುವೆ ಹಂಚಿಕೆಯಾಗಿದೆ, ಹೊಸ ಆಟಕ್ಕೆ ಜಾಗ ಮಾಡಲು ಏನನ್ನು ಅಳಿಸಬೇಕಾಯಿತು ಎಂಬ ಪ್ರಶ್ನೆಗಳು ಬರಬೇಕು. ಆಡಬೇಕೆಂದಿದ್ದೂ ಆಡಲಾಗದೆ ಉಳಿದ ಆಟ ಯಾವುದು ಎಂಬ ಪ್ರಶ್ನೆಗೆ ಒಂದು ಪ್ರತ್ಯೇಕ ಸಾಲನ್ನೇ ಬಿಡಬೇಕು.